ಹಿಮಾಲಯದ ಹಾದಿಗೆ ಎಷ್ಟು ದಿನ ಬೇಕು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಮಾಲಯದ ಚಾರಣವನ್ನು ಕುರಿತವು. ಬೂಟು ಯಾವುದು, ಜಾಕೆಟ್ ಯಾವುದು, ಬೆನ್ನಚೀಲ ಎಷ್ಟು ಲೀಟರಿನದು ಎಂದು ಕೇಳಿದವರೇ ಬಹಳ ಮಂದಿ. ಎಷ್ಟು ದಿನ ಬೇಕು ಎಂದು ಕೇಳಿದವರು ಒಬ್ಬರೇ. ಆದುದರಿಂದ ಸಾಮಾನು ಸರಂಜಾಮಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ದಿನಗಳ ಲೆಕ್ಕಕ್ಕೂ ದಾರಿಯ ಹಳ್ಳಿಗಳಿಗೂ ಸಂಬಂಧಿಸಿದ ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ ಐವತ್ತೆಂಟು ವರ್ಷ, ನಿವೃತ್ತ ಶಿಕ್ಷಕ. ದಿನಾಲೂ ಒಂದೂವರೆ ಗಂಟೆ ನಡೆಯುತ್ತೇನೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇಲ್ಲ. ಎವರೆಸ್ಟ್ ಬೇಸ್ ಕ್ಯಾಂಪ್‌ವರೆಗೆ ಹೋಗಬೇಕೆಂಬುದು ಬಹುಕಾಲದ ಆಸೆ. ಒಂದು ಸಂಸ್ಥೆ ಲುಕ್ಲಾದಿಂದ ಹೊರಟು ಲುಕ್ಲಾಕ್ಕೆ ಮರಳಲು ಒಂಬತ್ತು ದಿನ ಎನ್ನುತ್ತದೆ, ಇನ್ನೊಂದು ಹನ್ನೆರಡು ದಿನ ಎನ್ನುತ್ತದೆ. ಒಂಬತ್ತು ದಿನದ್ದು ಅಗ್ಗ. ಅದು ಸಾಲದೆ?

ಉತ್ತರ: ಸಾಲದು. ನಿಮ್ಮ ವಯಸ್ಸು ಇದಕ್ಕೆ ಕಾರಣವಲ್ಲ. ಇಪ್ಪತ್ತೈದರ ಯುವಕ ಕೇಳಿದ್ದರೂ ಇದನ್ನೇ ಹೇಳುತ್ತಿದ್ದೆ.

ಲುಕ್ಲಾ ವಿಮಾನ ನಿಲ್ದಾಣವಿರುವುದು ಸುಮಾರು 2,860 ಮೀಟರ್ ಎತ್ತರದಲ್ಲಿ. ಅಲ್ಲಿಂದ ಮೊದಲ ದಿನ ಸ್ವಲ್ಪ ಇಳಿದು ಫಕ್ದಿಂಗ್‌ನಲ್ಲಿ ಮಲಗಿ, ಮರುದಿನ 3,440 ಮೀಟರಿನ ನಾಮ್ಚೆ ಬಜಾರ್, ಆಮೇಲೆ 3,867 ಮೀಟರಿನ ತೆಂಗ್ಬೋಚೆ, 4,410 ಮೀಟರಿನ ದಿಂಗ್ಬೋಚೆ, 4,940 ಮೀಟರಿನ ಲೋಬುಚೆ, ಕೊನೆಗೆ 5,164 ಮೀಟರಿನ ಗೋರಕ್ ಶೆಪ್. ಬೇಸ್ ಕ್ಯಾಂಪ್ ಅಲ್ಲಿಂದ ಮೇಲೆ 5,364 ಮೀಟರಿನಲ್ಲಿದೆ. ಹನ್ನೆರಡು ದಿನದ ಯೋಜನೆಯಲ್ಲಿ ನಾಮ್ಚೆಯಲ್ಲಿ ಎರಡು ರಾತ್ರಿ, ದಿಂಗ್ಬೋಚೆಯಲ್ಲಿ ಎರಡು ರಾತ್ರಿ ತಂಗುವುದು ವಾಡಿಕೆ. ಇಳಿಯುವ ದಿನಗಳನ್ನು ಹೆಚ್ಚು ಕುಗ್ಗಿಸಲು ಬರುವುದಿಲ್ಲವಾದ್ದರಿಂದ, ಒಂಬತ್ತು ದಿನದವರು ಕತ್ತರಿ ಹಾಕುವುದು ಬಹುಮಟ್ಟಿಗೆ ಈ ಹೆಚ್ಚುವರಿ ರಾತ್ರಿಗಳಿಗೇ. ಕಡಿಮೆ ದರದ ಗುಟ್ಟು ಇಷ್ಟೇ.

ಆ ರಾತ್ರಿಗಳಲ್ಲಿ ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಅವುಗಳನ್ನು ಬಿಟ್ಟುಕೊಡಲು ನಿಮಗೆ ಮನಸ್ಸಾಗದು. ಎತ್ತರದಲ್ಲಿ ಗಾಳಿಯ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಅದು ಎಲ್ಲೆಡೆಯೂ ಶೇ 21ರ ಆಸುಪಾಸಿನಲ್ಲೇ ಇರುತ್ತದೆ. ಕುಸಿಯುವುದು ಗಾಳಿಯ ಒತ್ತಡ. 5,500 ಮೀಟರಿನ ಹೊತ್ತಿಗೆ ಅದು ಸಮುದ್ರಮಟ್ಟದ ಅರ್ಧದಷ್ಟಾಗಿರುತ್ತದೆ, ಹಾಗಾಗಿ ಒಂದೊಂದು ಉಸಿರಿನಲ್ಲಿಯೂ ಒಳಸೇರುವ ಆಮ್ಲಜನಕ ಅರ್ಧಕ್ಕಿಳಿಯುತ್ತದೆ. ದೇಹ ಇದಕ್ಕೆ ಉತ್ತರವಾಗಿ ಬೇಗಬೇಗ ಉಸಿರಾಡತೊಡಗುತ್ತದೆ. ಬೇಗ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ರಕ್ತ ಕ್ಷಾರೀಯವಾದೊಡನೆ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಈ ಜಗ್ಗಾಟದಿಂದಾಗಿಯೇ ಎತ್ತರದಲ್ಲಿ ಮಲಗಿದವರ ಉಸಿರು ನಡುರಾತ್ರಿ ಕೆಲವು ಕ್ಷಣ ನಿಂತಂತಾಗಿ, ಗಾಬರಿಯಿಂದ ಎಚ್ಚರವಾಗುವುದು. ಮೂತ್ರಪಿಂಡಗಳು ಹೆಚ್ಚಾದ ಬೈಕಾರ್ಬೊನೇಟನ್ನು ಹೊರಹಾಕಿ ರಕ್ತವನ್ನು ಸಮಸ್ಥಿತಿಗೆ ತಂದ ಮೇಲಷ್ಟೇ ದೇಹ ನಿರಾತಂಕವಾಗಿ ಹೆಚ್ಚು ಉಸಿರಾಡಬಲ್ಲದು, ಮತ್ತು ಆ ಕೆಲಸಕ್ಕೆ ದಿನಗಳೇ ಹಿಡಿಯುತ್ತವೆ. ಯಾವ ಜಾಕೆಟ್ಟೂ ಬೂಟೂ ಅದನ್ನು ಬೇಗ ಮಾಡಿಸಲಾರದು. ಅಸಿಟಝೋಲಮೈಡ್, ಎಂದರೆ ಚಾರಣಿಗರ ಬಾಯಲ್ಲಿ ಡೈಮಾಕ್ಸ್ ಆಗಿರುವ ಮಾತ್ರೆ, ಮೂತ್ರಪಿಂಡದ ಇದೇ ಕೆಲಸಕ್ಕೆ ತುಸು ವೇಗ ಕೊಡುತ್ತದೆ. ಆದರೆ ಸಲ್ಫಾ ಔಷಧಗಳಿಗೆ ಅಲರ್ಜಿ ಇರುವವರೂ ಮೂತ್ರಪಿಂಡದ ತೊಂದರೆ ಇರುವವರೂ ಇದ್ದಾರಾದ್ದರಿಂದ ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು.

ಪರ್ವತ ವೈದ್ಯರು ಒಪ್ಪಿರುವ ಲೆಕ್ಕ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿ ಮಲಗಿದ ಜಾಗಕ್ಕಿಂತ ಮರುರಾತ್ರಿ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಮೇಲಿನ ಅಂಕಿಗಳನ್ನು ಈಗ ಇನ್ನೊಮ್ಮೆ ನೋಡಿ: ತೆಂಗ್ಬೋಚೆಯಿಂದ ದಿಂಗ್ಬೋಚೆಗೂ, ದಿಂಗ್ಬೋಚೆಯಿಂದ ಲೋಬುಚೆಗೂ ಏರು 500 ಮೀಟರನ್ನು ಸ್ವಲ್ಪ ಮೀರಿಯೇ ಇದೆ. ನಡುವಿನ ವಿಶ್ರಾಂತಿಯ ದಿನ ಈ ಸಾಲವನ್ನು ತೀರಿಸುತ್ತದೆ. ಅದನ್ನು ತೆಗೆದುಬಿಟ್ಟರೆ ಸಾಲ ಬೆಳೆಯುತ್ತಲೇ ಹೋಗುತ್ತದೆ.

ವಿಶ್ರಾಂತಿಯ ದಿನವೆಂದರೆ ಕಂಬಳಿ ಹೊದ್ದು ಬಿದ್ದಿರುವ ದಿನವೂ ಅಲ್ಲ. ಹಗಲಲ್ಲಿ ಸ್ವಲ್ಪ ಮೇಲಕ್ಕೆ ಏರಿ ರಾತ್ರಿಗೆ ಕೆಳಗೆ ಬಂದು ಮಲಗುವುದು ಎತ್ತರಕ್ಕೆ ಒಗ್ಗಿಕೊಳ್ಳುವ ಒಳ್ಳೆಯ ಕ್ರಮ. ನೀವು ಶಿಕ್ಷಕರಾದ್ದರಿಂದ ನಾಮ್ಚೆಯ ಎರಡನೆಯ ದಿನವನ್ನು ಖುಂಜುಂಗ್ ಹಳ್ಳಿಗೆ ಮೀಸಲಿಡಿ. ಎವರೆಸ್ಟನ್ನು ಮೊದಲು ಏರಿದ ಇಬ್ಬರಲ್ಲಿ ಒಬ್ಬರಾದ ಎಡ್ಮಂಡ್ ಹಿಲರಿ 1961ರಲ್ಲಿ ಕಟ್ಟಿಸಿಕೊಟ್ಟ ಶಾಲೆ ಅಲ್ಲಿದೆ. ಶೆರ್ಪಾ ಮಕ್ಕಳ ಒಂದು ಇಡೀ ತಲೆಮಾರು ಅಕ್ಷರ ಕಲಿತದ್ದು ಅಲ್ಲಿ. ಕಲ್ಲುಗೋಡೆಗಳಿಂದ ಗೆರೆ ಎಳೆದಂತಿರುವ ಆಲೂಗಡ್ಡೆ ಹೊಲಗಳ ನಡುವೆ ಒಂದೆರಡು ಗಂಟೆ ತಿರುಗಾಡಿ ಸಂಜೆಗೆ ನಾಮ್ಚೆಗೆ ಇಳಿದುಬನ್ನಿ. ಒಂಬತ್ತು ದಿನದವರು ಕಳೆದುಕೊಳ್ಳುವುದು ಬರೀ ಆರೋಗ್ಯದ ಭರವಸೆಯನ್ನಲ್ಲ, ಇದನ್ನೂ ಕೂಡ.

ಇನ್ನೊಂದು ಮಾತು. ಲುಕ್ಲಾದ ವಿಮಾನಗಳು ಮೋಡ ಮುಸುಕಿದರೆ ಹಾರುವುದಿಲ್ಲ, ಮತ್ತು ಜನಸಂದಣಿಯ ತಿಂಗಳುಗಳಲ್ಲಿ ಅವು ಬಹುತೇಕ ಕಠ್ಮಂಡುವಿನ ಬದಲು ಕೆಲವು ಗಂಟೆಗಳ ರಸ್ತೆ ಪ್ರಯಾಣದಾಚೆಯ ರಾಮೇಛಾಪ್‌ನಿಂದ ಹೊರಡುತ್ತವೆ. ಹನ್ನೆರಡರ ಮೇಲೆ ಎರಡು ದಿನ ಕೈಯಲ್ಲಿರಲಿ.

ಪ್ರಶ್ನೆ: ನನ್ನ ತಮ್ಮ ಮ್ಯಾರಥಾನ್ ಓಟಗಾರ. ವಿಮಾನದಲ್ಲಿ ಲೇಹ್‌ಗೆ ಹೋಗಿ ಮರುದಿನವೇ ಇನ್ನೂ ಎತ್ತರಕ್ಕೆ ಹೊರಟವನು ತಲೆನೋವು, ವಾಂತಿಯಿಂದ ಬಳಲಿ ಹಿಂದಿರುಗಿದ. ಅವನೊಂದಿಗಿದ್ದ, ವ್ಯಾಯಾಮದ ಗಂಧವೂ ಇಲ್ಲದ ಗೆಳೆಯನಿಗೆ ಏನೂ ಆಗಲಿಲ್ಲ. ಹೀಗೇಕೆ?

ಉತ್ತರ: ದೇಹದಾರ್ಢ್ಯಕ್ಕೂ ಎತ್ತರಕ್ಕೆ ಒಗ್ಗುವ ಗುಣಕ್ಕೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವರು ಬೇಗ ಏರಬಲ್ಲರಾದ್ದರಿಂದ ಅವರೇ ಹೆಚ್ಚು ತೊಂದರೆಗೆ ಸಿಲುಕುವುದೂ ಉಂಟು. ಲೇಹ್ ಸುಮಾರು 3,500 ಮೀಟರಿನಲ್ಲಿದೆ. ವಿಮಾನದಿಂದ ಇಳಿದವರು ಎರಡು ಪೂರ್ತಿ ದಿನವಾದರೂ ಊರಲ್ಲೇ ಇದ್ದು, ನೀರು ಕುಡಿಯುತ್ತಾ, ಮದ್ಯ ಮುಟ್ಟದೆ, ನಿಧಾನವಾಗಿ ಓಡಾಡಿಕೊಂಡಿರಬೇಕು.

ನಿಮ್ಮ ತಮ್ಮ ಕೆಳಗಿಳಿದದ್ದು ಸರಿಯಾಯಿತು. ಬರೀ ತಲೆನೋವು, ವಾಕರಿಕೆ, ಆಯಾಸವಾದರೆ ಅದೇ ಎತ್ತರದಲ್ಲಿ ಕಾದು ನೋಡಬಹುದು, ಆದರೆ ಅವು ಕಡಿಮೆಯಾಗುವತನಕ ಒಂದು ಹೆಜ್ಜೆಯೂ ಮೇಲಕ್ಕೆ ಇಡಬಾರದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಕಫದಲ್ಲಿ ನಸುಗೆಂಪು ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ತಿಳಿಯಬೇಕು. ಮಾತು ತೊದಲುವುದು, ಗೊಂದಲ, ಕುಡಿದವರಂತೆ ತೂರಾಡುವುದು ಮಿದುಳು ಬಾತಿರುವ ಲಕ್ಷಣ. ಅನುಮಾನವಿದ್ದರೆ ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ಅವರನ್ನು ನಡೆಸಿ ನೋಡಿ. ಗೆರೆ ತಪ್ಪಿದರೆ ಬೆಳಗಾಗಲೆಂದು ಕಾಯದೆ, ಕತ್ತಲಿದ್ದರೂ ಜೊತೆಗೊಬ್ಬರನ್ನು ಕೊಟ್ಟು ಕೆಳಕ್ಕೆ ಇಳಿಸಬೇಕು. ಒಂಟಿಯಾಗಿ ಕಳಿಸಕೂಡದು. ಆಮ್ಲಜನಕದ ಸಿಲಿಂಡರು, ಚುಚ್ಚುಮದ್ದು ಇವೆಲ್ಲ ಇಳಿಯುವುದಕ್ಕೆ ಆಸರೆಯೇ ಹೊರತು ಇಳಿಯದಿರುವುದಕ್ಕೆ ನೆಪವಲ್ಲ.

ಪ್ರಶ್ನೆ: ನಮಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ. ಮಳೆಗಾಲದಲ್ಲಿ ಹಿಮಾಲಯಕ್ಕೆ ಹೋಗುವುದೇ ಬೇಡವೆ?

ಉತ್ತರ: ಹೋಗಬಹುದು, ಆದರೆ ಪರ್ವತಶ್ರೇಣಿಯ ಯಾವ ಮಗ್ಗುಲಿಗೆ ಎಂಬುದನ್ನು ನೋಡಿಕೊಳ್ಳಬೇಕು. ಮುಂಗಾರಿನ ಮೋಡಗಳು ದಕ್ಷಿಣದ ಇಳಿಜಾರುಗಳಲ್ಲಿ ತಮ್ಮ ಹೊರೆ ಇಳಿಸಿಬಿಡುವುದರಿಂದ ಲಡಾಖ್, ಝನ್‌ಸ್ಕಾರ್, ಸ್ಪಿತಿ, ನೇಪಾಳದ ಮುಸ್ತಾಂಗ್ ಮಳೆನೆರಳಿನಲ್ಲಿ ಉಳಿಯುತ್ತವೆ. ಹಿಮಾಚಲದ ಹಂಪ್ತಾ ಪಾಸನ್ನು, ಎಂದರೆ ಬೆಟ್ಟಸಾಲಿನ ಆಚೆಗೆ ಒಯ್ಯುವ ಎತ್ತರದ ದಾರಿಯನ್ನು, ದಾಟಿದವರು ಇದನ್ನು ಒಂದೇ ದಿನದಲ್ಲಿ ಕಣ್ಣಾರೆ ಕಾಣುತ್ತಾರೆ: ಬೆನ್ನ ಹಿಂದೆ ಕುಲ್ಲುವಿನ ಹಸಿರು, ಎದುರಿಗೆ ಲಾಹುಲಿನ ಬೋಳು ಕಲ್ಲುಬೆಟ್ಟ.

ಜುಲೈಗೆ ನನ್ನ ಆಯ್ಕೆ ಲಡಾಖಿನ ಮಾರ್ಖಾ ಕಣಿವೆ. ಸ್ಕಿಯು, ಮಾರ್ಖಾ, ಹಂಕರ್ ಹಳ್ಳಿಗಳಲ್ಲಿ ಮನೆಗಳಲ್ಲೇ ತಂಗಬಹುದು. ಮಧ್ಯಾಹ್ನದ ದಣಿವಿಗೆ ಹಳೆಯ ಪ್ಯಾರಾಶೂಟ್ ಬಟ್ಟೆಯ ಡೇರೆಗಳಲ್ಲಿ ಚಹಾ ಸಿಗುತ್ತದೆ. ಹಂಕರ್‌ನಿಂದ ನಿಮಾಲಿಂಗ್ ಹುಲ್ಲುಗಾವಲಿಗೆ ಒಂದೇ ದಿನದಲ್ಲಿ ಏಳೆಂಟುನೂರು ಮೀಟರ್ ಏರಬೇಕಾದ್ದರಿಂದ ಹಂಕರ್‌ನಲ್ಲಿ ಎರಡು ರಾತ್ರಿ ಇರಿ. ನೀರ್ಗಲ್ಲು ಕರಗಿ ಮಧ್ಯಾಹ್ನದ ಮೇಲೆ ಹೊಳೆಗಳು ಉಬ್ಬುವುದರಿಂದ ಅವುಗಳನ್ನು ಬೆಳಿಗ್ಗೆಯೇ ದಾಟಬೇಕು. ಮಳೆನೆರಳು ಎಂದಮಾತ್ರಕ್ಕೆ ಮಳೆಯೇ ಇಲ್ಲವೆಂದಲ್ಲ. 2010ರ ಆಗಸ್ಟಿನಲ್ಲಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ಅಪಾರ ಸಾವುನೋವು ಸಂಭವಿಸಿತು. ಒಣಗಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬೇಡಿ.

ಹೂವುಗಳೇ ಬೇಕೆಂದರೆ ಉತ್ತರಾಖಂಡದ ಹೂವಿನ ಕಣಿವೆ ಜುಲೈ ಮಧ್ಯದಿಂದ ಆಗಸ್ಟಿನವರೆಗೆ ತುಂಬಿರುತ್ತದೆ. ಕಣಿವೆಯೊಳಗೆ ರಾತ್ರಿ ತಂಗಲು ಅವಕಾಶವಿಲ್ಲ, ಘಾಂಘರಿಯಾದಿಂದ ಹೋಗಿ ಸಂಜೆಯೊಳಗೆ ಮರಳಬೇಕು. ಅಲ್ಲಿಗೆ ತಲುಪಿಸುವ ರಸ್ತೆ ಮಳೆಗಾಲದಲ್ಲಿ ಭೂಕುಸಿತಕ್ಕೆ ಹೆಸರಾದದ್ದು. ಅದಕ್ಕೂ ಎರಡು ದಿನ ಸೇರಿಸಿಕೊಳ್ಳಿ.

ಪ್ರಶ್ನೆ: ಉತ್ತರಾಖಂಡದ ಹರ್ ಕಿ ದೂನ್ ಕಣಿವೆಯ ದಾರಿಯ ಹಳ್ಳಿಯೊಂದರಲ್ಲಿ ಮರದ ಗುಡಿಯ ಕಟ್ಟೆ ಹತ್ತಿ ಫೋಟೊ ತೆಗೆಯುತ್ತಿದ್ದಾಗ ಅಜ್ಜಿಯೊಬ್ಬರು ಜೋರಾಗಿ ಗದರಿ ಕೆಳಗಿಳಿಸಿದರು. ನಾವು ಶೂ ಬಿಚ್ಚಿಯೇ ಹತ್ತಿದ್ದೆವು. ನಮ್ಮ ತಪ್ಪೇನು?

ಉತ್ತರ: ಕೇಳದೆ ಹತ್ತಿದ್ದೇ ತಪ್ಪು. ಬೆಟ್ಟದ ಅನೇಕ ಹಳ್ಳಿಗಳಲ್ಲಿ ಗುಡಿಯ ಕಟ್ಟೆ, ಗೋಡೆಗಳನ್ನು ಊರಿನ ಎಲ್ಲರೂ ಮುಟ್ಟುವಂತಿಲ್ಲ. ಹೊರಗಿನವರ ಮಾತಂತೂ ದೂರ. ಹಿಮಾಚಲದ ಮಲಾಣಾದಲ್ಲಿ ಮುಟ್ಟಿದವರಿಗೆ ದಂಡವೆಂದು ಫಲಕವನ್ನೇ ಹಾಕಿದ್ದಾರೆ. ಆ ಕಟ್ಟುಪಾಡುಗಳ ಹಿಂದೆ ಜಾತಿಯ ಕಟ್ಟಳೆಯೂ ಸೇರಿಕೊಂಡಿದೆ ಎಂಬುದನ್ನು ಬಲ್ಲೆ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಒಂದು ರಾತ್ರಿ ತಂಗಲು ಬಂದವರು ಅದನ್ನು ತಿದ್ದಲು ಹೋಗುವ ಮೊದಲು ಆ ಊರನ್ನು ಸ್ವಲ್ಪ ಅರಿತಿರಬೇಕಾಗುತ್ತದೆ.

ಅದೇ ಕಣಿವೆಯ ಓಸ್ಲಾ ಗುಡಿಯ ವಿಷಯವನ್ನೇ ತೆಗೆದುಕೊಳ್ಳಿ. ಹೊರಗಿನವರು ಅದನ್ನು ದುರ್ಯೋಧನನ ಗುಡಿ ಎಂದು ಬರೆದೂ ಬರೆದೂ ಪ್ರಸಿದ್ಧಿಗೆ ತಂದಿದ್ದಾರೆ. ಊರವರು ಅದು ಸೋಮೇಶ್ವರನದು ಎನ್ನುತ್ತಾರೆ. ದೇವರು ಯಾರೆಂದು ಆ ಅಜ್ಜಿಯನ್ನೇ ಕೇಳಿದ್ದರೆ ಪ್ರಾಯಶಃ ಗದರಿಕೆಯ ಬದಲು ನಿಮಗೊಂದು ಕಥೆ ಸಿಗುತ್ತಿತ್ತು. ಆ ಹಳ್ಳಿಗಳ ಮನೆಗಳನ್ನಾದರೂ ನಿಂತು ನೋಡಿದಿರಾ? ದೇವದಾರು ತೊಲೆಗಳ ಒಂದು ಸಾಲು, ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಒಂದು ಸಾಲು, ಹೀಗೆ ಮೇಲಿನವರೆಗೆ ಏರುವ ಈ ಗೋಡೆಗಳನ್ನು ಹಿಮಾಚಲದಲ್ಲಿ ಕಾಠ್‌ಕುಣಿ ಎನ್ನುತ್ತಾರೆ. ನೆಲ ನಡುಗಿದಾಗ ಕಲ್ಲುಗಳು ತುಸು ಜರುಗುತ್ತವೆ, ಮರದ ಪಟ್ಟಿಗಳು ಅವುಗಳನ್ನು ಚದುರಲು ಬಿಡುವುದಿಲ್ಲ. ಇಂಥ ಕಟ್ಟಡಗಳು ಹಲವು ಭೂಕಂಪಗಳನ್ನು ಕಂಡೂ ನಿಂತಿವೆ. ಈಗ ಅವುಗಳ ಪಕ್ಕದಲ್ಲೇ ಸಿಮೆಂಟಿನ ಹೋಮ್‌ಸ್ಟೇಗಳು ಏಳುತ್ತಿರುವುದಕ್ಕೆ ಬಿಸಿನೀರಿನ ಸ್ನಾನದ ಮನೆ ಬೇಕೆಂದು ಹಟ ಹಿಡಿಯುವ ನಮ್ಮ ಪಾಲೂ ಇದೆ.

ಬೌದ್ಧ ಹಳ್ಳಿಗಳ ರೀತಿನೀತಿ ಬೇರೆ. ಮಂತ್ರ ಕೆತ್ತಿದ ಕಲ್ಲುಗಳ ಮಣೆಗೋಡೆ, ಸ್ತೂಪದಂಥ ಛೋರ್ತೆನ್ ಎದುರಾದರೆ ಅದು ನಿಮ್ಮ ಬಲಕ್ಕೆ ಬರುವಂತೆ, ಎಂದರೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಹಾದುಹೋಗಬೇಕು. ಆ ಕಲ್ಲುಗಳ ಮೇಲೆ ಕೂರಬಾರದು, ಒಂದನ್ನೂ ಎತ್ತಿಕೊಂಡು ಬರಬಾರದು. ಶೆರ್ಪಾ ಮನೆಯಲ್ಲೂ ಲಡಾಖಿ ಮನೆಯಲ್ಲೂ ಒಲೆ ಪವಿತ್ರವಾದದ್ದು. ಬಿಸ್ಕತ್ತಿನ ಪೊಟ್ಟಣವನ್ನು ಅದರ ಬೆಂಕಿಗೆ ಎಸೆಯುವುದು ಅವರ ಎದುರೇ ಮಾಡುವ ಅವಮಾನ. ಒಲೆಗೆ ಹತ್ತಿರದ ಆಸನ ಹಿರಿಯರದು, ಕರೆದ ಹೊರತು ಅಲ್ಲಿ ಹೋಗಿ ಕೂರಬೇಡಿ. ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ. ಹಲ್ಲಿನ ವೈದ್ಯರಿಗಾಗಿ ಎರಡು ದಿನ ನಡೆಯಬೇಕಾದ ಊರುಗಳವು.

ಊಟವನ್ನು ಊರಿನದೇ ಕೇಳಿ. ಗಢವಾಲದಲ್ಲಿ ಮಂಡುವಾ ಎಂದರೆ ರಾಗಿಯೇ. ಅದರ ರೊಟ್ಟಿ, ಅಲ್ಲಿನ ರಾಜ್ಮಾ, ಕಾಡುಸೊಪ್ಪು ಇವುಗಳ ಮುಂದೆ ಹೇಸರಗತ್ತೆಯ ಬೆನ್ನ ಮೇಲೆ ಬಂದ ನೂಡಲ್ಸ್ ಏನೂ ಅಲ್ಲ, ಮತ್ತು ನೀವು ಕೊಟ್ಟ ಹಣ ಊರಿನ ಹೊಲಕ್ಕೇ ಹೋಗುತ್ತದೆ.

ಹಳ್ಳಿಯೊಂದು ಬರಿದಾದರೆ ಹೇಗಿರುತ್ತದೆಂದು ನೋಡಬೇಕಿದ್ದರೆ ಕುಮಾವೂನಿನ ಜೋಹಾರ್ ಕಣಿವೆಯ ಮಿಲಂಗೆ ಹೋಗಿ ಬನ್ನಿ. ಟಿಬೆಟ್ಟಿನೊಂದಿಗೆ ಉಪ್ಪು, ಉಣ್ಣೆಯ ವ್ಯಾಪಾರ ಮಾಡುತ್ತಿದ್ದ ಶೌಕಾ ಜನರ ದೊಡ್ಡ ಊರು ಅದು. 1962ರ ಯುದ್ಧದೊಂದಿಗೆ ಗಡಿ ಮುಚ್ಚಿತು, ವ್ಯಾಪಾರ ನಿಂತಿತು, ಮನೆಗಳ ಮಾಡು ಕುಸಿಯಿತು. ಬ್ರಿಟಿಷರ ಸರ್ವೆಗಾಗಿ ವೇಷ ಮರೆಸಿಕೊಂಡು ಲ್ಹಾಸಾದವರೆಗೆ ನಡೆದ ನೈನ್ ಸಿಂಗ್ ರಾವತ್ ಈ ಕಣಿವೆಯವರು. ಹೆಜ್ಜೆ ಎಣಿಸಲು ಅನುಕೂಲವಾಗಲೆಂದು ಅವರ ಜಪಮಾಲೆಯಲ್ಲಿ ನೂರೆಂಟರ ಬದಲು ನೂರೇ ಮಣಿಗಳಿದ್ದವು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಅವರಿಗೆ ಚಿನ್ನದ ಪದಕ ಕೊಟ್ಟಿತು. ಮಿಲಂ ದಾರಿಗೆ ಒಳಗಡಿ (ಇನ್ನರ್ ಲೈನ್) ಪರವಾನಗಿ, ಎಂದರೆ ಗಡಿ ಸಮೀಪದ ಪ್ರದೇಶಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು, ಮುನ್ಸ್ಯಾರಿಯಲ್ಲಿ ಮಾಡಿಸಿಕೊಳ್ಳಬಹುದು.

ಪ್ರಶ್ನೆ: ನೇಪಾಳದಲ್ಲಿ ಗೈಡ್, ಪೋರ್ಟರ್ ಇಲ್ಲದೆ ಹೋಗಬಹುದೆ? ಇನ್ನೊಬ್ಬರ ಬೆನ್ನ ಮೇಲೆ ನಮ್ಮ ಹೊರೆ ಹೇರಲು ಮನಸ್ಸು ಒಪ್ಪುವುದಿಲ್ಲ.

ಉತ್ತರ: ವಿದೇಶಿ ಚಾರಣಿಗರು ಪರವಾನಗಿ ಪಡೆದ ಗೈಡ್ ಇಲ್ಲದೆ ಹೋಗಬಾರದೆಂಬ ನಿಯಮವನ್ನು ನೇಪಾಳ 2023ರ ಏಪ್ರಿಲ್ 1ರಿಂದ ತಂದಿದೆ. ಎವರೆಸ್ಟ್ ಇರುವ ಸಾಗರಮಾಥಾ ರಾಷ್ಟ್ರೀಯ ಉದ್ಯಾನಕ್ಕೆ ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ 1,500 ನೇಪಾಳಿ ರೂಪಾಯಿ ಪ್ರವೇಶ ಶುಲ್ಕ ಮತ್ತು ತೆರಿಗೆ. ಸ್ಥಳೀಯ ಆಡಳಿತದ ಶುಲ್ಕ ಬೇರೆ. ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬುದು 1993ರಿಂದ ಬದಲಾಗದ ದರ. ನಾಮ್ಚೆಯಿಂದ ಮೇಲೆ ನಗದನ್ನೇ ನಂಬಬೇಕು.

ಪೋರ್ಟರ್ ವಿಷಯದಲ್ಲಿ ನಿಮ್ಮ ಸಂಕೋಚ ಅರ್ಥವಾಗುತ್ತದೆ, ಆದರೆ ಅದರಿಂದ ಯಾರಿಗೂ ಉಪಕಾರವಿಲ್ಲ. ಆ ಕೆಲಸ ಅವರ ವರ್ಷದ ಸಂಪಾದನೆ. ಅವರನ್ನು ಇಟ್ಟುಕೊಳ್ಳುವ ಬಗೆ ಮುಖ್ಯ. ಹೊರೆ ಹೊರುವವರೆಲ್ಲ ಶೆರ್ಪಾಗಳಲ್ಲ. ಡೋಕೊ ಬುಟ್ಟಿಯನ್ನು ನಾಮ್ಲೊ ಪಟ್ಟಿಯಿಂದ ಹಣೆಗೆ ತೂಗಿಕೊಂಡು ನಡೆಯುವವರಲ್ಲಿ ಬಹಳಷ್ಟು ಜನ ಕೆಳಗಿನ ಬೆಟ್ಟಗಳ ರಾಯಿ, ತಮಾಂಗ್ ಮುಂತಾದ ಸಮುದಾಯದವರು; ಎತ್ತರ ಅವರನ್ನೂ ನಿಮ್ಮಂತೆಯೇ ಕಾಡುತ್ತದೆ. ಅವರಿಗೆ ತಲೆನೋವು ಬಂದರೆ ಕೆಲಸ ಹೋದೀತೆಂದು ಹೇಳುವುದಿಲ್ಲ, ನೀವೇ ಕೇಳಬೇಕು. ಹೊರೆ 30 ಕಿಲೊ ಮೀರದಿರಲಿ. ಬೆಚ್ಚನೆಯ ಬಟ್ಟೆ, ಸರಿಯಾದ ಬೂಟು, ವಿಮೆ ಇವೆಯೇ ಎಂದು ಹೊರಡುವ ಮೊದಲೇ ಸಂಸ್ಥೆಯನ್ನು ವಿಚಾರಿಸಿ. ನಾನು ಇದನ್ನು ಕಲಿತದ್ದು ತಡವಾಗಿ: ಮೊದಲ ಚಾರಣದಲ್ಲಿ ನನ್ನ ಹೊರೆ ಹೊತ್ತಿದ್ದ ಹುಡುಗ ಕ್ಯಾನ್ವಾಸ್ ಶೂ ತೊಟ್ಟಿದ್ದಾನೆಂಬುದು ಹಿಮ ಬಿದ್ದ ದಿನವಷ್ಟೇ ನನ್ನ ಕಣ್ಣಿಗೆ ಬಿತ್ತು.

ಪ್ರಶ್ನೆ: ರೂಪಕುಂಡದ ಚಾರಣ ಈಗ ಯಾಕೆ ಯಾರೂ ನಡೆಸುತ್ತಿಲ್ಲ?

ಉತ್ತರ: ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟಿನಲ್ಲಿ ಬುಗ್ಯಾಲ್‌ಗಳಲ್ಲಿ, ಎಂದರೆ ಮರಗಳ ಗಡಿಯ ಮೇಲಿನ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಬೇದಿನಿ ಬುಗ್ಯಾಲಿನಲ್ಲಿ ತಂಗದೆ ರೂಪಕುಂಡ ತಲುಪುವುದು ಕಷ್ಟ. ತೀರ್ಪಿನಿಂದ ಕೆಳಗಿನ ಹಳ್ಳಿಗಳ ದುಡಿಮೆಗೆ ಪೆಟ್ಟು ಬಿದ್ದದ್ದು ನಿಜ; ಆದರೆ ನೂರಾರು ಡೇರೆಗಳ ಕೆಳಗೆ ಹುಲ್ಲು ಸತ್ತು ಮಣ್ಣು ಕೊಚ್ಚಿಹೋಗುತ್ತಿದ್ದುದೂ ಅಷ್ಟೇ ನಿಜ. ರೂಪಕುಂಡ ಎಂಬ ಈ ಬೆಟ್ಟದ ಕೆರೆಯಲ್ಲಿ ಸಿಕ್ಕಿರುವ ಮನುಷ್ಯರ ಅಸ್ಥಿಪಂಜರಗಳೆಲ್ಲ ಒಂದೇ ದುರಂತದವು ಎಂಬ ಕಥೆಯೂ ಈಗ ನಿಲ್ಲುವುದಿಲ್ಲ. 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಂತೆ ಅವು ಸಾವಿರ ವರ್ಷದಷ್ಟು ಅಂತರದಲ್ಲಿ ಸತ್ತ ಬೇರೆ ಬೇರೆ ಗುಂಪುಗಳವು, ಅವರಲ್ಲಿ ಕೆಲವರು ಮೆಡಿಟರೇನಿಯನ್ ಮೂಲದವರು.

ಪ್ರಶ್ನೆ: ನೇಪಾಳದ ಅನ್ನಪೂರ್ಣ ಬೆಟ್ಟಗಳ ಸುತ್ತಿನ ಚಾರಣದಲ್ಲಿ ಥೊರಾಂಗ್ ಲಾ ಎಂಬ ಪಾಸ್ ದಾಟಲು ಇನ್ನು ಇನ್ನೂರು ಮೀಟರ್ ಏರು ಉಳಿದಿದ್ದಾಗ ಹಿಮ ಬೀಳತೊಡಗಿತು. ಗೈಡ್ ಹಟ ಹಿಡಿದು ನಮ್ಮನ್ನು ಹಿಂದಕ್ಕೆ ಕರೆತಂದರು. ರಜೆ ಮುಗಿಯುತ್ತಿದ್ದುದರಿಂದ ಮನಾಂಗ್‌ಗೆ ಇಳಿದು ಜೀಪ್ ಹಿಡಿದು ಮರಳಿದೆವು. ಮರುದಿನ ಆಕಾಶ ತಿಳಿಯಾಗಿ ಬೇರೆಯವರೆಲ್ಲ ದಾಟಿದರಂತೆ. ಗೈಡ್ ಅವಸರಪಟ್ಟರಲ್ಲವೆ?

ಉತ್ತರ: ಇಲ್ಲ. 2014ರ ಅಕ್ಟೋಬರ್ 14ರಂದು ಹುದ್‌ಹುದ್ ಚಂಡಮಾರುತದ ಶೇಷವು ಅದೇ ಪ್ರದೇಶದಲ್ಲಿ ಹಿಮಬಿರುಗಾಳಿಯಾಗಿ ಎರಗಿದಾಗ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಪಾಸ್ ದಾಟಿ ಮುಕ್ತಿನಾಥದ ಕಡೆಗೆ ಇಳಿಯುವಾಗ ದಾರಿ ಕಾಣದೆ ಹೆಪ್ಪುಗಟ್ಟಿದವರು ಅವರಲ್ಲಿ ಹಲವರು. 5,416 ಮೀಟರಿನ ನೆತ್ತಿಯಿಂದ ಮುಕ್ತಿನಾಥಕ್ಕೆ ಸಾವಿರದ ಆರುನೂರು ಮೀಟರಿನಷ್ಟು ಇಳಿಜಾರಿದೆ. ನಿಮಗೆ ಕಾಣುತ್ತಿದ್ದುದು ಉಳಿದ ಇನ್ನೂರು ಮೀಟರ್ ಏರು, ನಿಮ್ಮ ಗೈಡ್ ಲೆಕ್ಕ ಹಾಕುತ್ತಿದ್ದುದು ಆಚೆಯ ಇಳಿಜಾರನ್ನು.

ನಿಮ್ಮನ್ನು ಪಾಸ್‌ನಿಂದ ವಂಚಿಸಿದ್ದು ಗೈಡ್ ಅಲ್ಲ, ಮರುದಿನ ಕಾಯಲು ಬಿಡದ ನಿಮ್ಮ ಟಿಕೆಟ್ಟು. ಮತ್ತೆ ಹೋಗುವುದಾದರೆ ಜೀಪಿನಲ್ಲಿ ನೇರವಾಗಿ ಮನಾಂಗ್ ಸೇರಬೇಡಿ. ಪಿಸಾಂಗ್‌ನಲ್ಲಿ ಇಳಿದು ಮೇಲಿನ ದಾರಿ ಹಿಡಿಯಿರಿ. ಘ್ಯಾರು, ಙಾವಲ್ ಎಂಬ ಹಳೆಯ ಕಲ್ಲುಮನೆಗಳ ಊರುಗಳು ಮನಾಂಗ್‌ಗಿಂತಲೂ ಎತ್ತರದಲ್ಲಿರುವುದರಿಂದ ಅಲ್ಲಿ ತಂಗಿ 3,540 ಮೀಟರಿನ ಮನಾಂಗ್‌ಗೆ ಇಳಿಯುವ ಹೊತ್ತಿಗೆ ದೇಹ ಅರ್ಧ ಒಗ್ಗಿರುತ್ತದೆ. ಮನಾಂಗ್‌ನಲ್ಲಿ ಎರಡು ರಾತ್ರಿ ಇದ್ದು, ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯದಲ್ಲಿ ಋತುಮಾನದಲ್ಲಿ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಕೊಡುವ ಉಪನ್ಯಾಸ ಕೇಳಿ. ಥೊರಾಂಗ್ ಫೇದಿಯಿಂದ ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ. ಹೊತ್ತು ಏರಿದಂತೆ ಪಾಸ್ ಮೇಲೆ ಗಾಳಿಯೂ ಏರುತ್ತದೆ. ಹಿಂತಿರುಗುವ ಟಿಕೆಟ್ಟನ್ನು ಮೂರು ದಿನ ತಡವಾಗಿ ಮಾಡಿಸಿ. ಸಾಧ್ಯವಾದರೆ ಅದೇ ಗೈಡ್ ಅವರನ್ನೇ ಕರೆದುಕೊಂಡು ಹೋಗಿ.